ಹಾಲೇಶಜ್ಜನ ಕಾರ್ಡು, ಟೇಪಿನ ಮೊದಲ ಇಂಚು

ದಾವಣಗೆರೆ,
ಫೆಬ್ರವರಿ ಮೂವತ್ತು, 2189

ಹಾಲೇಶಜ್ಜನವರಿಗೆ, ನಿಮ್ಮ ಮೊಮ್ಮಗನ ಮೊಮ್ಮಗಳು ಕೊಟ್ರವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಕಣ್ಣುಜ್ಜಿಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕಿದ ಐದು ದಿನ ಹಬ್ಬಕ್ಕೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮೆ ಇರಲಿ, ನಿಮ್ಮ ಕಾಲದ ಕನ್ನಡವನ್ನು ಹಳೆಯ ಬಿಲ್ಲು, ವಾರಂಟಿ ಚೀಟಿ ಓದಿ ಕಲಿತವಳು ನಾನು. ನಿಮಗಿನ್ನೂ ಇಪ್ಪತ್ತೊಂದು, ನನಗೆ ಅರವತ್ತೇಳು. ಮೀಸೆ ಸರಿಯಾಗಿ ಚಿಗುರದ ಹುಡುಗನನ್ನು ಅಜ್ಜ ಎನ್ನಲು ನಗು ಬರುತ್ತದೆ. ಆದರೂ ಹಿರಿಯರು ಹಿರಿಯರೇ.

ಈಗ ನೀವು ಎಲ್ಲಿದ್ದೀರಿ ಎಂಬುದು ನನಗೆ ಗೊತ್ತು. ಆಟದ ಚಿತ್ರ ಚೆನ್ನಾಗಿ ಮೂಡಲೆಂದು ತಂದ ಗ್ರಾಫಿಕ್ಸ್ ಕಾರ್ಡಿನ ಡಬ್ಬಿ ಕಂಕುಳಲ್ಲಿ, ಬಿಲ್ಲು ಕೈಯಲ್ಲಿ, ಅಂಗಡಿಗೆ ವಾಪಸ್ ಕೊಡಲು ಹೊರಟು ಹೊಸ್ತಿಲ ಮೇಲೆ ನಿಂತಿದ್ದೀರಿ. ಕಾರ್ಡು ನಿಮ್ಮ ಕಂಪ್ಯೂಟರಿನ ಕ್ಯಾಬಿನೆಟ್ಟಿನೊಳಗೆ ಹಿಡಿಸಲಿಲ್ಲ. ಅರ್ಧ ಇಂಚು ಉದ್ದವಾಯಿತು. ತರುವ ಮೊದಲು ಜಾಗ ಅಳೆದಿದ್ದಿರಿ, ಅದೂ ಬ್ಲೌಸು ಹೊಲಿದು ಮನೆ ನಡೆಸುವ ನಿಮ್ಮ ಅಮ್ಮ ಚೆನ್ನವೀರಮ್ಮನವರ ಟೇಪಿನಲ್ಲಿ. ಆ ಟೇಪಿನ ಮೊದಲ ಇಂಚು ಹರಿದುಹೋಗಿ ವರ್ಷಗಳಾಗಿದ್ದವು. ಆಕೆ ಏನು ಅಳೆದರೂ ಒಂದು ಕಳೆದು ಬರೆದುಕೊಳ್ಳುತ್ತಿದ್ದರು. ನೀವು ಕಳೆಯಲಿಲ್ಲ, ಹತ್ತು ಎಂದು ಓದಿದಿರಿ. ಇದ್ದದ್ದು ಒಂಬತ್ತೇ. "ನಿನ್ ದರಿದ್ರ ಟೇಪಿಂದ ಎಲ್ಲಾ ಹಾಳಾತು!" ಎಂದು ನೀವು ಕೂಗಿದ್ದೂ, "ಕೇಳಿದ್ರೆ ಹೇಳ್ತಿದ್ನಲ್ಲಪ್ಪಾ, ಒಂದು ಕಳೀಬೇಕು ಅಂತ" ಎಂದಷ್ಟೇ ಹೇಳಿ ಆಕೆ ಮಿಷನ್ ತುಳಿಯತೊಡಗಿದ್ದೂ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

ವಾಪಸ್ ಕೊಡಬೇಡಿ ಅಜ್ಜಾ. ಆ ಕಾರ್ಡನ್ನು ನೀವು ಆರಿಸಿದ ರೀತಿಯೇ ನಮಗೆ ಹೆಮ್ಮೆ. ಅಂಗಡಿಯವನು ಮೂರು ಫ್ಯಾನಿನ, ಬಣ್ಣಬಣ್ಣದ ಲೈಟು ಮಿನುಗುವ ಕಾರ್ಡು ತೋರಿಸಿ ಆಸೆ ಹುಟ್ಟಿಸಿದಾಗ, "ಲೈಟು ಚಿತ್ರ ಬಿಡಿಸ್ತದೇನಣ್ಣಾ?" ಎಂದು ಕೇಳಿದಿರಂತೆ. ಎಂಥ ಮಾತು! ನಿಮ್ಮ ಮಾನಿಟರ್ ಸಾಧಾರಣದ್ದು, ಪವರ್ ಸಪ್ಲೈ ಸಣ್ಣದು. ಅವೆರಡಕ್ಕೂ ಒಪ್ಪುವ, ಕೈಗೆಟುಕುವ ಬೆಲೆಯ, ಹಿಂದಿನ ವರ್ಷದ ಮಾಡೆಲ್ ಆದರೂ ಎಂಟು ಜಿಬಿ ಮೆಮೊರಿ ಇರುವ ಕಾರ್ಡನ್ನು ಕೇಳಿ ತಂದಿರಿ. ಗೆಳೆಯರು ಹಳೇ ಮಾಲು ಅಂತ ನಕ್ಕರು. ನಗಲಿ ಬಿಡಿ, ನಕ್ಕವರ ಕಾರ್ಡುಗಳು ಗುಜರಿಗೆ ಹೋಗಿ ನೂರೈವತ್ತು ವರ್ಷವಾಯಿತು.

ನಮ್ಮ ಕಾಲದ ಮಕ್ಕಳು ಆಡುವುದು ಎರವಲುಚಿತ್ರದಲ್ಲಿ. ಎಂದರೆ, ಆಟದ ಚಿತ್ರವೆಲ್ಲ ಎಲ್ಲೋ ಸಮುದ್ರದ ತಳದ ಉಗ್ರಾಣದಲ್ಲಿ ತಯಾರಾಗಿ ಕನ್ನಡಕಕ್ಕೆ ಹರಿದುಬರುತ್ತದೆ. ಯಾರ ಮನೆಯಲ್ಲೂ ಸ್ವಂತದ್ದು ಅಂತ ಏನೂ ಇಲ್ಲ. ಬೆಣ್ಣೆ ದೋಸೆಯ ಬೆಣ್ಣೆಯೂ ಈಗ ಹಸುವಿಲ್ಲದೆ ತೊಟ್ಟಿಯಲ್ಲಿ ಬೆಳೆಯುತ್ತದೆ. ಮಂಡಕ್ಕಿ ಮಾತ್ರ ನಿಮ್ಮ ಕಾಲದ್ದೇ. ಹೋದ ತಿಂಗಳು ಉಗ್ರಾಣ ಕೆಟ್ಟು ಒಂಬತ್ತು ದಿನ ಎರವಲುಚಿತ್ರ ನಿಂತಿತು. ಊರಿಗೆ ಊರೇ ಕನ್ನಡಕ ಒರೆಸುತ್ತ ಕುಳಿತಾಗ ಚಿತ್ರ ಮೂಡಿದ್ದು ನಮ್ಮ ಮನೆಯೊಂದರಲ್ಲೇ! ಪ್ರತಿ ಆಯುಧಪೂಜೆಗೆ ಕಾರ್ಡು ಬಿಚ್ಚಿ, ಧೂಳು ತೆಗೆದು, ಚಿಪ್ಪಿಗೆ ಬಿಸಿ ಏರದಂತೆ ಹೊಸ ಪೇಸ್ಟ್ ಹಚ್ಚುವುದು ನಮ್ಮ ಮನೆತನದ ಪದ್ಧತಿ. ಕುಂಕುಮ ಕ್ಯಾಬಿನೆಟ್ಟಿಗೆ ಮಾತ್ರ. ಫ್ಯಾನು ಹದಿನೇಳು ಸಲ ಬದಲಾಗಿದೆ, ಚಿಪ್ಪು ನಿಮ್ಮದೇ. ಬೀದಿಯ ಮಕ್ಕಳೆಲ್ಲ ಮಂಡಕ್ಕಿ ಪೊಟ್ಟಣ ಹಿಡಿದು ಸಾಲಾಗಿ ಕುಳಿತು ನಿಮ್ಮ ಕಾರ್ ರೇಸ್ ಆಡಿದರು. ಎದುರುಮನೆಯ ಜಂಬದ ಕೋಳಿ ವಿರೂಪಾಕ್ಷಿಯೂ ಬಂದು, "ಕೊಟ್ರವ್ವಾರೆ, ನಂಗೂ ಒಂದ್ಸಲ ಆಡಾಕ ಕೊಡ್ರಿ" ಎಂದು ಹಲ್ಲು ಗಿಂಜಿದ. ಕೊಟ್ಟೆ, ಕೊನೆಯ ಪಾಳಿ.

ಅದರಲ್ಲಿ ಒಂದು ದಿನ ಮಕ್ಕಳ ಮುಂದೆ ಕುಳಿತು ನಿಮ್ಮ ಕಥೆ ಹೇಳಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು ಹಾಸಿಗೆಯನ್ನೇ ಕೊಯ್ದು ಜಾಗ ಮಾಡಿದವರನ್ನು ಕಂಡಿರಲಿಲ್ಲ ಎಂದೆ. ಹೊಸ್ತಿಲಿಂದ ತಿರುಗಿ ಬಂದು, ಒಳಗಿನದೆಲ್ಲ ಬಿಚ್ಚಿಟ್ಟು, ಕ್ಯಾಬಿನೆಟ್ಟಿನಲ್ಲಿ ಅಡ್ಡ ಬಂದ ತಗಡಿನ ಗೂಡನ್ನು ಗರಗಸದಲ್ಲಿ ಕೊಯ್ದು ಕಾರ್ಡು ಕೂರಿಸಿದವರು ನೀವು. ಅಷ್ಟರಲ್ಲಿ ನನ್ನ ಮೊಮ್ಮಗಳು ಸಿರಿಗೌರಿ, ಎಂಟು ವರ್ಷದವಳು, "ಆಮೇಲೆ ಅವರಮ್ಮಂಗೆ ತಪ್ಪಾತು ಅಂದ್ರಾ ಅಜ್ಜಿ?" ಎಂದಳು. ನಿಮ್ಮ ಕಾರ್ಡಿನ ಉದ್ದ, ತೂಕ, ಮೆಮೊರಿ ಎಲ್ಲ ಗೊತ್ತು, ಇದೊಂದನ್ನು ಯಾರೂ ಹೇಳಿಹೋಗಿಲ್ಲ. ನಾವು ಯಾರೂ ಕೇಳಿಯೂ ಇಲ್ಲ. ನಾಚಿಕೆಯಾಯಿತು ಅಜ್ಜಾ.

ಕಾರ್ಡಿನ ಜೊತೆ ಚೆನ್ನವೀರಮ್ಮನವರ ಟೇಪನ್ನೂ ಡಬ್ಬಿಯಲ್ಲಿ ಕಾಪಾಡಿದ್ದೇವೆ. ಅದನ್ನು ತೆಗೆದು ಸಿರಿಗೌರಿಯ ಕೈಗೆ ಕೊಟ್ಟೆ. ಅದರ ಹರಿದ ತುದಿಗೆ ಸರಿಯಾಗಿ ಒಂದಿಂಚಿನ ಕೆಂಪು ಬಟ್ಟೆ ಹೊಲಿದಿದೆ. ಟೈಲರಮ್ಮನೇ ಎಂದೋ ರಿಪೇರಿ ಮಾಡಿಕೊಂಡಿರಬೇಕು ಎಂದುಕೊಂಡಿದ್ದೆವು. ಈ ಹುಡುಗಿ ಈಗಷ್ಟೇ ಹೊಲಿಗೆ ಕಲಿಯುತ್ತಿದ್ದಾಳೆ. ಬೆರಳಾಡಿಸಿ ನೋಡಿ, "ಅಜ್ಜಿ, ಇದು ಹೊಲಿಗೆ ಬಂದೋರು ಹಾಕಿದ್ದಲ್ಲ. ನೋಡು, ನನ್ನದಕ್ಕಿಂತ ಸೊಟ್ಟ!" ಎಂದಳು.

ಅರವತ್ತು ವರ್ಷ ನಿಮ್ಮ ಕಾರ್ಡಿನ ಬಗ್ಗೆ ಜಂಬ ಕೊಚ್ಚಿದವಳು, ಇನ್ನುಮೇಲೆ ನಿಮ್ಮ ಆ ಸೊಟ್ಟ ಹೊಲಿಗೆಯನ್ನೇ ಮೊದಲು ತೋರಿಸುತ್ತೇನೆ. ಡಬ್ಬಿ ಕೆಳಗಿಟ್ಟು ಒಳಗೆ ಹೋಗಿ ಅಜ್ಜಾ. ಗರಗಸ ಮಿಷನ್ನಿನ ಕೆಳಗಿದೆ, ನಿಮ್ಮ ಅಮ್ಮ ಆಗಲೇ ತೆಗೆದಿಟ್ಟಿದ್ದಾರಂತೆ. ಅದನ್ನು ಆಮೇಲೆ ಮುಟ್ಟಿ. ಮೊದಲು ಸೂಜಿಗೆ ದಾರ ಪೋಣಿಸಿ.