ಗೋಡೆಯ ಮೇಲಿನ ಸೀಮೆಸುಣ್ಣದ ಕಮಾನು

ಮನೆ ಮಾಲೀಕರಿಗೆ ನಮಸ್ಕಾರ.

ನಾಳೆ ಬಣ್ಣದವನನ್ನು ಕಳಿಸುತ್ತೀರಂತೆ. ದಯವಿಟ್ಟು ಬೇಡ. ಗೋಡೆಯ ಮೇಲೆ ಗೆರೆ ಎಳೆದದ್ದು ನಾನೇ.

"ನಿಂಗ್ಯಾಕಯ್ಯ ರೋಬಾಟ್ ಗಣಿತ? ಓದಿ ಏನು ಕಡಿದು ಕಟ್ಟೆ ಹಾಕ್ತೀಯಾ?" ಎಂದು, ಲೇತ್ ಯಂತ್ರದ ಮೇಲೆ ದುಡಿಯುವ ನನ್ನ ಕೈಯಲ್ಲಿ ರೋಬಾಟ್ ಗಣಿತದ ಪುಸ್ತಕ ಕಂಡು ನಕ್ಕಿದ್ದಿರಿ. ಪಾರ್ಶ್ವವಾಯು ಬಡಿದಾಗಿನಿಂದ ಅಮ್ಮನ ಎಡಗೈಗೆ ಊರುಗೋಲು ಬೇಕು, ಬಲಗೈಗೆ ದೀಪದ ಸ್ವಿಚ್ಚು ಎಟುಕುವುದಿಲ್ಲ. ರೋಬಾಟಿನ ತೋಳು ಎಲ್ಲಿಯವರೆಗೆ ತಲುಪುತ್ತದೆಂದು ಹೇಳುವ ಸೂತ್ರ ಆ ಪುಸ್ತಕದ ಮೂರನೆಯ ಅಧ್ಯಾಯದಲ್ಲಿದೆ. ಅದಕ್ಕೆ ಅಮ್ಮನ ತೋಳಿನ ಅಳತೆ, ಅವಳ ಕೀಲುಗಳು ಮಡಚುವ ಕೋನ ಹಾಕಿ, ಅವಳು ಏಳುವ ಮುಂಚೆಯೇ ಸೀಮೆಸುಣ್ಣದಲ್ಲಿ ಕಮಾನು ಬರೆದೆ. ಆಮೇಲೆ ಅವಳು ನಿಂತು ಕೈ ಎತ್ತಿದಳು. ಬೆರಳ ತುದಿ ಸರಿಯಾಗಿ ಗೆರೆಯ ಮೇಲೆ ಬಂದು ನಿಂತಿತು. ಅಮ್ಮನನ್ನು ಕಂಡೇ ಇರದ ಯಾರೋ ಬರೆದ ಸೂತ್ರಕ್ಕೆ ಅವಳ ಬೆರಳು ಗೊತ್ತಿತ್ತು!

ಸ್ವಿಚ್ಚನ್ನು ಒಂಬತ್ತು ಇಂಚು ಕೆಳಗಿಳಿಸಲು ನಿಮ್ಮ ಒಪ್ಪಿಗೆ ಕೇಳಿದ್ದೆ. ಅದೂ ಈಗ ಬೇಡ. ಇಂದು ಬೆಳಿಗ್ಗೆ ಬೆರಳು ಗೆರೆ ದಾಟಿ ಎರಡು ಇಂಚು ಮೇಲೆ ಹೋಯಿತು. ಮೂರು ಸಲ ಲೆಕ್ಕ ನೋಡಿದೆ, ತಪ್ಪಿಲ್ಲ. ಅಮ್ಮ ಅಂದಳು: "ಸುಮ್ನೆ ಯಾಕೋ ನಿಂತೆ? ಹೊಸ ಗೆರೆ ಎಳಿ."

ಸ್ವಿಚ್ಚು ಇದ್ದಲ್ಲೇ ಇರಲಿ. ಇನ್ನು ಏಳೇ ಇಂಚು.

ಇಂತಿ ನಿಮ್ಮ,
ಮೇಲ್ಮಹಡಿಯ ಲೇತ್‌ನವನು