ನೂರರಲ್ಲಿ ನಾಲ್ಕು

ನವೆಂಬರ್ 9, ಬೆಳಿಗ್ಗೆ 10
ಏಳನೇ ದಿನದ ಎಣಿಕೆ. ಅಣ್ಣ ತನ್ನ ಹೊಲದಿಂದ ಆರಿಸಿ ಕೊಟ್ಟ ಕಾಯಿಕೊರಕ ಹುಳಗಳ ಮರಿ ನೂರು, ಕಪ್ ನೂರು. ಎಲ್ಲಕ್ಕೂ ವಿಷದ ಊಟ — ಬಿಟಿ ಹತ್ತಿಯ ಗಿಡದೊಳಗೇ ಇರುವ ಅದೇ ವಿಷ. ತೊಂಬತ್ತಾರು ಸತ್ತಿವೆ. ನಾಲ್ಕು ಮಾತ್ರ ದಪ್ಪಗಾಗಿ, ಮಾವನ ಮನೆಗೆ ಬಂದ ಅಳಿಯಂದಿರ ಹಾಗೆ ಮೇಯುತ್ತಿವೆ.

ಸಂಜೆ 5
ಲ್ಯಾಬಿನ ಮುಖ್ಯಸ್ಥರಿಗೆ ವರದಿ ನಾಳೆಯೇ ಬೇಕಂತೆ. ನಾಲ್ಕು ಬದುಕಿವೆ ಎಂದರೆ ಎಲ್ಲ ಮತ್ತೆ ಮೊದಲಿಂದ. ನನ್ನ ರಜೆ ಗೋತಾ. ಆ ಕಪ್‌ಗಳಿಗೆ ವಿಷ ಬೆರೆತಿರಲಿಕ್ಕಿಲ್ಲ ಎಂದುಕೊಂಡೆ. 'ಬದುಕಿದವು: ಸೊನ್ನೆ' ಎಂದು ಬರೆದೆ. ಟ್ರೇ ಫ್ರೀಜರಿಗೆ. ಈಗ ಅವೂ ಸತ್ತಿವೆ, ಬರೆದದ್ದು ಸುಳ್ಳೇನಲ್ಲ...

ನವೆಂಬರ್ 10
ಒಂದೇ ಪಾತ್ರೆಯಲ್ಲಿ ನಾನೇ ಕಲಸಿದ ಊಟ. ನಾಲ್ಕಕ್ಕೆ ಮಾತ್ರ ವಿಷ ತಪ್ಪುವುದು ಹೇಗೆ? ನಿನ್ನೆಯೂ ಗೊತ್ತಿತ್ತು.

ಮೇ 30
ಅಣ್ಣನ ಫೋನ್. ಹೊಲದ ಅಂಚಿಗೆ ವಿಷವಿಲ್ಲದ ಸಾದಾ ಹತ್ತಿಯ ಸಾಲು ಹಾಕಿ ಈ ಸಲವೂ ಹುಳಕ್ಕೆ ಬಡಿಸಬೇಕಾ ಎಂದು ಕೇಳಿದ. ಹಾಕು ಎನ್ನಲು ಬಾಯಿ ತೆರೆದೆ.
"ನಿನ್ ಪರೀಕ್ಷೇಲಿ ಎಲ್ಲಾ ಸತ್ತಿದ್ವಲ್ಲ, ಪುಟ್ಟಿ?"
ಹೂಂ ಅಂದೆ. ಹಾಗಾದರೆ ಬೇಡ ಬಿಡು ಎಂದ.
ವಿಷ ತಡೆಯುವ ಗುಣ ತಾಯಿ ತಂದೆ ಇಬ್ಬರಿಂದಲೂ ಬಂದರೇ ಹುಳ ಬದುಕುವುದು. ನೂರರಲ್ಲಿ ನಾಲ್ಕು ಬದುಕಿದರೆ, ಲೆಕ್ಕದ ಪ್ರಕಾರ ಸತ್ತವುಗಳಲ್ಲೂ ಸುಮಾರು ಮೂವತ್ತೆರಡು ಅದನ್ನು ಒಂದು ಕಡೆಯಿಂದ ಹೊತ್ತಿರುತ್ತವೆ. ಬದುಕಿದ್ದು ಸಾದಾ ಸಾಲಿನಲ್ಲಿ ಬೆಳೆದ, ಆ ಗುಣವಿಲ್ಲದ ಪತಂಗವನ್ನು ಕೂಡಿದರೆ ಮರಿಗೆ ಅದು ಒಂದೇ ಕಡೆಯಿಂದ ಬರುತ್ತದೆ, ಮರಿ ಸಾಯುತ್ತದೆ. ಸಾಲೇ ಇಲ್ಲದಿದ್ದರೆ ಬದುಕಿದವು ಬದುಕಿದವುಗಳನ್ನೇ ಕೂಡುತ್ತವೆ, ಮರಿಗಳೂ ಬದುಕುತ್ತವೆ. ಹೊಸಬರಿಗೆ ಇದನ್ನು ಪಾಠ ಮಾಡುವವಳು ನಾನೇ. ನಾಚಿಕೆಯಾಗುತ್ತಿದೆ. ಆದರೂ ತಿರುಗಿ ಫೋನ್ ಮಾಡಲಿಲ್ಲ.

ಅಕ್ಟೋಬರ್ 28
ಅಣ್ಣ ಲ್ಯಾಬಿಗೇ ಬಂದ. ಚೀಲದ ತುಂಬ ಹತ್ತಿಕಾಯಿ. ಒಡೆದದ್ದರಲ್ಲೆಲ್ಲ ಹುಳ. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿ. ಬೀಜದಂಗಡಿಯವರು ವಿಷವಿಲ್ಲದ ನಕಲಿ ಬೀಜ ಕೊಟ್ಟಿದ್ದಾರೆ ಎಂದು ಊರಿನ ರೈತರೆಲ್ಲ ಸೇರಿ ಅಂಗಡಿಗೆ ಬೀಗ ಹಾಕಿಸಿದ್ದಾರಂತೆ. ನವೆಂಬರ್ ಮೂರಕ್ಕೆ ವಿಚಾರಣೆ.
"ಹೋದ ವರ್ಷ ನಮ್ ಹುಳ ಒಂದೂ ಬದುಕಿರ್ಲಿಲ್ಲ ಅಂತ ನಿನ್ ವರದೀಲೇ ಇದೆ. ನೀನೇ ಬಂದು ಹೇಳ್ಬೇಕು."
ನೀರು ಕುಡಿದು ಬರುತ್ತೇನೆ ಎಂದು ಎದ್ದು ಹೋದೆ.

ನವೆಂಬರ್ 2
ಅಣ್ಣನ ಹೊಲದ ಹತ್ತಿ ಗಿಡದ ಎಲೆ ತರಿಸಿ ಪರೀಕ್ಷಿಸಿದೆ. ಎರಡು ಸಲ. ವಿಷ ಇದೆ. ಬೀಜ ಅಸಲಿಯೇ.

ನವೆಂಬರ್ 3, ಬೆಳಿಗ್ಗೆ 9
ಅಣ್ಣ ಹೊರಗೆ ಬೈಕ್ ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದಾನೆ. ವಿಚಾರಣೆಗೆ ಹೋಗುವ ಮುಂಚೆ ಅವನಿಗೇ ಮೊದಲು ಹೇಳಬೇಕು. ಬಾಯಿಗೆ ಬರುವುದಿಲ್ಲ, ಇಲ್ಲಿ ಬರೆದು ನೋಡುತ್ತೇನೆ.
ಅಣ್ಣಾ, ಅಂಗಡಿಯವರ ತಪ್ಪಿಲ್ಲ. ಹೋದ ವರ್ಷ ನಾನು —