ಸಮಿತಿಯ ಮುಂದೆ ಅಕ್ಕ

ಹೆಗ್ಗರಣೆ, ಸಿದ್ದಾಪುರ ತಾಲೂಕು
೧೪ ನವೆಂಬರ್ ೨೦೨೪

ಪ್ರೀತಿಯ ತಮ್ಮ ದಿನಕರನಿಗೆ,

‘ಶ್ರೀಗಳವರ ಪಾದಗಳಿಗೆ’ ಎಂದು ಬರೆಯಬೇಕಿತ್ತು. ಬರೆದು ಹೊಡೆದುಹಾಕಿದೆ. ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ಡಯಾಲಿಸಿಸ್ ಮುಗಿಸಿ ಹುಬ್ಬಳ್ಳಿಯಿಂದ ಮರಳುವಾಗ ಯಲ್ಲಾಪುರ ಮುಟ್ಟುವಷ್ಟರಲ್ಲಿ ವಾಂತಿ ಶುರುವಾಗುತ್ತದೆ ಎಂದು ಮಠದ ಪಾರುಪತ್ಯ ನೋಡಿಕೊಳ್ಳುವ ಅನಂತಮೂರ್ತಿಯವರು ಹೇಳಿದರು. ಹಾಗಿದ್ದೂ ಸಂಜೆ ಪೂಜೆಗೆ ಕೂರುತ್ತೀಯಂತೆ. ಅರ್ಚಕರು ಮಾಡಲಿ ಮಾರಾಯ, ನೀನು ಮಲಗು.

ಇಲ್ಲಿ ಎಲ್ಲ ಕ್ಷೇಮ ಎಂದು ಸುಳ್ಳು ಬರೆಯಲಾರೆ. ನನ್ನ ಕಿಡ್ನಿ ನಿನಗೆ ಹೊಂದುತ್ತದೆ ಎಂದು ತಿಳಿದ ದಿನ ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದೆ. ಮೊನ್ನೆ ಆಸ್ಪತ್ರೆಯಲ್ಲಿ, ಕಸಿಗೆ ಒಪ್ಪಿಗೆ ಕೊಡುವ ಸಮಿತಿಯವರು ನಮ್ಮಿಬ್ಬರನ್ನೂ ಕೂರಿಸಿಕೊಂಡು, “ಇವರು ನಿಮಗೇನಾಗಬೇಕ್ರೀ ಸ್ವಾಮೀಜಿ?” ಎಂದು ಕೇಳಿದರು. ನೀನು ನನ್ನ ಕಡೆ ನೋಡಲೂ ಇಲ್ಲ. “ಸನ್ಯಾಸಿಗೆ ಸಂಬಂಧಿಕರಿಲ್ಲ. ಇವರು ಮಠದ ಭಕ್ತರು” ಎಂದುಬಿಟ್ಟೆ. ಭಕ್ತರು! ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಒಡಹುಟ್ಟಿದವರಾದರೆ ಬೇಗ ಒಪ್ಪಿಗೆ ಸಿಗುತ್ತದೆ, ಹೊರಗಿನವರಾದರೆ ದಾರಿ ಬಹಳ ಉದ್ದ, ಅಷ್ಟು ಕಾಲ ಇವರಿಗಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

ಹಿರಿಯ ಸ್ವಾಮಿಗಳು ನಮ್ಮ ಮತ್ತಿಘಟ್ಟದ ಮನೆಗೆ ಬಂದು ಪೀಠಕ್ಕೆಂದು ನಿನ್ನ ಜಾತಕ ಕೇಳಿದಾಗ ನೀನಿನ್ನೂ ಪಿಯುಸಿ ಓದುತ್ತಿದ್ದೆ. ಅಪ್ಪಯ್ಯ ಒಪ್ಪಿದ. ಆಯಿ ಒಲೆಯ ಮುಂದಿನಿಂದ ಏಳಲೇ ಇಲ್ಲ. ಸನ್ಯಾಸಕ್ಕೆ ಮೊದಲು ನಿನ್ನ ಶ್ರಾದ್ಧವನ್ನು ನೀನೇ ಮಾಡಿಕೊಂಡ ದಿನ, ನಿನ್ನ ಬೋಳು ತಲೆ ನೋಡಿ ನನಗೆ ಅಳು ತಡೆಯದಾದಾಗ, “ಅಳಡ ಅಕ್ಕಾ, ಆನು ಎಲ್ಲಿಗೂ ಹೋಗ್ತ್ನಿಲ್ಲೆ” ಎಂದಿದ್ದೆ. ಆಯಿ ತೀರಿಕೊಂಡಾಗ ನೀನು ಬರಲಿಲ್ಲ. ಸ್ನಾನ ಮಾಡಿ ಮತ್ತೆ ಪೀಠದಲ್ಲಿ ಕೂತೆಯಂತೆ. ವ್ರತ ನಿನ್ನದು ಎಂದು ನಾನು ಸುಮ್ಮನಾದೆ.

ಈಗ ಸುಮ್ಮನಿರಲಾರೆ. ಅನಂತಮೂರ್ತಿಯವರು ಸಮಿತಿಯವರ ಕೈಕಾಲು ಹಿಡಿದಿದ್ದಾರೆ. ಸೋಮವಾರ ಇನ್ನೊಮ್ಮೆ ಕರೆಯುತ್ತಾರೆ. ನನ್ನ ಮಾತು, ಕಾಗದಪತ್ರ ಸಾಲವಂತೆ, ನೀನೇ ಹೇಳಬೇಕಂತೆ. ಕೇಳಿದಾಗ ‘ಅಕ್ಕ’ ಎನ್ನು. ಆಮೇಲೆ ಜೀವಮಾನವಿಡೀ ಕರೆಯಬೇಡ. ವ್ರತಭಂಗದ ಪಾಪವಿದ್ದರೆ ಅದು ನನಗಿರಲಿ. ನೀನು ಹಠ ಹಿಡಿದು ಸತ್ತರೆ ಯಾವ ಧರ್ಮ ಉಳಿಯುತ್ತದೆಯೋ ನನಗಂತೂ ತಿಳಿಯುತ್ತಿಲ್ಲ.

ನಿನಗೆ ಆಶೀರ್ವಾದ ಬರೆಯಬೇಕೋ ನಮಸ್ಕಾರವೋ ಗೊತ್ತಾಗುವುದಿಲ್ಲ. ಎರಡನ್ನೂ ತೆಗೆದುಕೋ.

ನಿನ್ನ ಒಡಹುಟ್ಟಿದ
ತನುಜಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮಠದ ಆಡಳಿತದ ಇಬ್ಬರು ಬಂದರು. ನಿನ್ನ ನಂತರ ಪೀಠ ಖಾಲಿ ಬೀಳಬಾರದಂತೆ, ಜಾತಕವೂ ಕೂಡಿಬರುತ್ತದಂತೆ. ವೈಭವನನ್ನು ಕೇಳಿದರು ದಿನಕರಾ, ನನ್ನ ಮಗನನ್ನು. ಕೊಡುವುದಿಲ್ಲ ಎಂದು ಕೂಗಾಡಿದೆ. ನನ್ನ ಯಜಮಾನರು ಎದ್ದು ತೋಟದ ಕಡೆ ಹೋದರು. ವೈಭವನೇ ಒಳಗಿನಿಂದ ಬಂದು, “ಆಯಿ, ಮಾವಂಗೆ ಎಂತಾರೂ ಆದ್ರೆ ಆನು ಹೋಗ್ತೆ” ಎಂದ. ಅವನಿಗಿನ್ನೂ ಮೀಸೆ ಸರಿಯಾಗಿ ಮೂಡಿಲ್ಲ. ಇಷ್ಟು ಹೊತ್ತು ನಿನ್ನ ಜೀವಕ್ಕಾಗಿ ಬೇಡಿಕೊಂಡೆ. ಇದು ನನ್ನದಕ್ಕಾಗಿ. ನೀನು ಉಳಿದರೆ ಮಾತ್ರ ನನ್ನ ಮಗ ನನ್ನ ಮನೆಯಲ್ಲಿ ಉಳಿಯುತ್ತಾನೆ.